ಮೋಟಾರಿನ ಕಣ್ಣು: ನಿದಾನವೂ ಚಿಕಿತ್ಸೆಯೂ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಮೋಟಾರು ಗಾಡಿಯ ದೀಪವನ್ನು ಕುರಿತು ಲೇಖನ ಬರೆಯಹೊರಟಿರುವುದನ್ನು ಕಂಡು ವಾಚಕರು ಹುಬ್ಬೇರಿಸಬಹುದು. ನನ್ನ ಐಚ್ಛಿಕ ವಿಷಯಗಳು ಇತಿಹಾಸ ಮತ್ತು ಅರ್ಥಶಾಸ್ತ್ರ. ವಿದ್ಯುಚ್ಛಕ್ತಿಯ ಪಾಠ ನನಗಾದುದು ಹತ್ತನೆಯ ತರಗತಿಯ ವಿಜ್ಞಾನದ ಪುಸ್ತಕದಲ್ಲಿ ಒಮ್ಮೆ. ಆಮೇಲೆ ಹೊಸಪೇಟೆಯ ಹೊರವಲಯದಲ್ಲಿರುವ ನನ್ನ ಸೋದರಮಾವನ ಆಟೋ ಎಲೆಕ್ಟ್ರಿಕ್ ಅಂಗಡಿಯಲ್ಲಿ ನೂರಾರು ಸಂಜೆ. ನಮ್ಮ ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕಾಲೇಜಿನಲ್ಲಿ ಕಲಿತುದನ್ನು ಮನೆಗೆ ಒಯ್ದು ಹೇಳುವ ಪ್ರಯತ್ನವನ್ನು ಮೂರು ವರ್ಷ ಮಾಡಿದ್ದೇನೆ. ಈ ಸಲ ಮನೆಯವರಿಗೆ ಗೊತ್ತಿರುವ ವಿದ್ಯೆಯೊಂದನ್ನು ಕಾಲೇಜಿಗೆ ತರೋಣವೆಂದು ಲೇಖನಿ ಹಿಡಿದಿದ್ದೇನೆ.

ಹೇಳಬೇಕಾದ ಮಾತು ದೊಡ್ಡದಲ್ಲ. ಗಾಡಿಯ ಮುಂದೀಪ ಆರಿದೊಡನೆ ನಮ್ಮ ಕೈ ಹೋಗುವುದು ಬಲ್ಬಿನ ಕಡೆಗೆ. ಆದರೆ ರೋಗವು ಅನೇಕ ವೇಳೆ ಬಲ್ಬಿನಲ್ಲಿರುವುದಿಲ್ಲ. ರೋಗ ತಿಳಿಯದೆ ಕೊಟ್ಟ ಔಷಧಿಯಿಂದ ಹಣ ಹಾಳಾಗುವುದಷ್ಟೇ ಅಲ್ಲ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಿನದೂ ಹಾಳಾಗುತ್ತದೆ. ಅದು ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ನಮ್ಮ ಸೀಮೆಯ ರಸ್ತೆಗಳ ವಿಚಾರ. ಹೊಸಪೇಟೆಯಿಂದ ಹೊರಡುವ ದಾರಿಗಳಲ್ಲಿ ಮೂರು ಈ ಲೇಖನಕ್ಕೆ ಸಂಬಂಧಪಟ್ಟವು. ಒಂದು ಸುಮಾರು ೧೩ ಕಿಲೋಮೀಟರು ದೂರದ ಹಂಪೆಗೆ ಹೋಗುತ್ತದೆ. ಹಗಲು ನೋಡಿದವರಿಗೆ ಅಲ್ಲಿನ ಬಂಡೆಗಳು ಎಷ್ಟು ರಮ್ಯವೋ ರಾತ್ರಿ ಗಾಡಿ ನಡೆಸುವವನಿಗೆ ಅಷ್ಟೇ ಭಯಂಕರ; ತಿರುವಿನ ಆಚೆ ಬಂಡೆಯಿದೆಯೋ ಎಮ್ಮೆಯಿದೆಯೋ ದೀಪವೇ ಹೇಳಬೇಕು. ಎರಡನೆಯದು ಕಮಲಾಪುರವನ್ನು ಹಾಯ್ದು, ಬಾಳೆ ಮತ್ತು ಭತ್ತದ ಗದ್ದೆಗಳ ನಡುವೆ, ವಿಜಯನಗರದ ಕಾಲದ ಕಾಲುವೆಗಳ ಮಗ್ಗುಲಲ್ಲಿ ಕಂಪ್ಲಿಗೆ ಹೋಗುತ್ತದೆ. ಮೂರನೆಯದು ತೆಂಕಣಕ್ಕೆ, ಬೆಟ್ಟಗಳ ಸಂದಿನಿಂದ ಸಂಡೂರಿಗೆ. ಅದಿರಿನ ಲಾರಿಗಳ ದಾರಿ ಅದು. ಅಲ್ಲಿ ಧೂಳಿಗೂ ಬಣ್ಣವಿದೆ, ಮಳೆನೀರಿಗೂ ಬಣ್ಣವಿದೆ. ಸಂಡೂರು ಬೆಟ್ಟದ ಕಬ್ಬಿಣದ ಅದಿರೂ ಗಾಡಿಯ ಮೈಗೆ ಹತ್ತುವ ತುಕ್ಕೂ ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಹತ್ತಿರದ ನೆಂಟರು; ಎರಡೂ ಕಬ್ಬಿಣವು ಆಮ್ಲಜನಕದೊಡನೆ ಕೂಡಿದುದರ ಫಲ. ಈ ನೆಂಟಸ್ತಿಕೆಯು ದೀಪದ ಮಟ್ಟಿಗೆ ಹೇಗೆ ಶತ್ರುತ್ವವಾಗುತ್ತದೆಂಬುದು ಮುಂದೆ ತಿಳಿಯುತ್ತದೆ.

ನಮ್ಮ ತಂದೆಯವರು ಆ ಮೂರನೆಯ ದಾರಿಯಲ್ಲಿ ಅದಿರಿನ ಲಾರಿ ಓಡಿಸಿದವರು. ೨೦೧೧ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದಾಗ ಲಾರಿಗಳು ಸಾಲುಸಾಲಾಗಿ ನಿಂತವು. ಆಗ ಹೊಸಪೇಟೆಯೂ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ವಿಜಯನಗರ ಜಿಲ್ಲೆ ಬೇರೆಯಾದುದು ೨೦೨೧ರಲ್ಲಿ. ಅರ್ಥಶಾಸ್ತ್ರದ ತರಗತಿಯಲ್ಲಿ ಆ ತೀರ್ಪಿನ ಕಾರಣಗಳನ್ನೂ ಫಲಗಳನ್ನೂ ನಾನು ಓದಿದ್ದೇನೆ, ಅದು ಆಗಬೇಕಾದ ಕೆಲಸವೇ ಎಂದು ಒಪ್ಪಿಯೂ ಇದ್ದೇನೆ. ಆದರೆ ಆರು ವರ್ಷದ ಹುಡುಗನಾಗಿ ನನಗೆ ನೆನಪಿರುವುದು ಹಗಲು ಹೊತ್ತಿನಲ್ಲಿ ಮನೆಯಲ್ಲಿ ಕುಳಿತಿದ್ದ ತಂದೆ ಮಾತ್ರ. ಮುಂದೆ ಅವರು ಕಂಪ್ಲಿಯ ಕಡೆ ಭತ್ತದ ಚೀಲ ಸಾಗಿಸುವ ಸಣ್ಣ ಗಾಡಿಯನ್ನು ಕೂಲಿಗೆ ಓಡಿಸಿದರು; ರಾತ್ರಿ ತಮ್ಮ ಮೊಪೆಡ್ಡಿನಲ್ಲಿ ಊರಿಗೆ ಮರಳುತ್ತಿದ್ದರು.

ನಾನು ಏಳನೆಯ ತರಗತಿಯಲ್ಲಿದ್ದಾಗ ಹಾಗೆ ಮರಳುತ್ತಿದ್ದ ಒಂದು ರಾತ್ರಿ ಎದುರಿಗೆ ಒಂಟಿ ದೀಪವೊಂದು ಕಂಡಿತು. ಮೋಟಾರ್ ಸೈಕಲ್ಲೆಂದು ಭಾವಿಸಿ ತಂದೆಯವರು ತಮ್ಮ ಪಾಡಿಗೆ ರಸ್ತೆಯ ನಡುವಿಗೆ ಸಮೀಪದಲ್ಲೇ ನಡೆದರು. ಅದು ಲಾರಿ. ನಮ್ಮ ದೇಶದಲ್ಲಿ ಎಡಬದಿಯ ಸಂಚಾರವಾದ್ದರಿಂದ ಎದುರು ಬರುವ ಗಾಡಿಯ ಬಲದೀಪವೇ ರಸ್ತೆಯ ನಡುಗೆರೆಗೆ ಹತ್ತಿರ. ಆ ಲಾರಿಯ ಬಲದೀಪ ಆರಿತ್ತು, ಎಡದೀಪ ಮಾತ್ರ ಉರಿಯುತ್ತಿತ್ತು. ಎಂದರೆ, ಕಂಡ ಬೆಳಕಿನಿಂದ ಈಚೆಗೆ, ತಂದೆಯವರ ಕಡೆಗೆ, ಆರೇಳು ಅಡಿ ಅಗಲದ ಲಾರಿಯ ಮೈ ಕತ್ತಲೆಯಲ್ಲಿ ಚಾಚಿಕೊಂಡಿತ್ತು. ಜೀವ ಉಳಿಯಿತು. ಬಲಗೈಯ ಎರಡು ಬೆರಳು ಅಂದಿನಿಂದ ಮಡಚುವುದಿಲ್ಲ. ಆ ಲಾರಿಯ ಚಾಲಕ ಕೆಟ್ಟವನಲ್ಲ. ತಾನೇ ಆಸ್ಪತ್ರೆಗೆ ಕರೆತಂದ. ಆ ವಾರವೇ ಎರಡು ಸಲ ಬಲ್ಬು ಬದಲಿಸಿದ್ದೆನೆಂದು ಅತ್ತುಕೊಂಡು ಹೇಳಿದನಂತೆ. ಮರುದಿನ ನನ್ನ ಮಾವ ಆ ಲಾರಿಯನ್ನು ನೋಡಿದಾಗ ಬಲ್ಬು ಸರಿಯಾಗಿಯೇ ಇತ್ತು. ದೀಪದ ಹಿಂದಿನ ಅರ್ತಿನ ತಂತಿ ತುಕ್ಕು ಹಿಡಿದು ಬೋಲ್ಟಿನ ಕೆಳಗೆ ಸಡಿಲವಾಗಿತ್ತು.

ಇಷ್ಟೇ ನನ್ನ ಆಸಕ್ತಿಯ ಮೂಲ. ಬೆರಳು ಮಡಚದವರಿಗೆ ಸ್ಟೇರಿಂಗು ಹಿಡಿಯುವುದು ಕಷ್ಟ, ಸಣ್ಣ ತಿರುಪು ಹಿಡಿಯುವುದು ಇನ್ನೂ ಕಷ್ಟ. ತಂದೆಯವರು ಮಾವನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕುಳಿತು ರೋಗ ಹೇಳುವವರಾದರು. ನಾನು ಕಾಲೇಜು ಬಿಟ್ಟ ಮೇಲೆ ಅವರ ಬೆರಳುಗಳಾದೆ.

ಇನ್ನು ವಿಷಯಕ್ಕೆ ಬರೋಣ. ಮುಂದೀಪವೆಂದರೇನು? ಇತಿಹಾಸದ ವಿದ್ಯಾರ್ಥಿಯಾದ ನಾನು ಇಲ್ಲಿ ಒಂದು ಮಾತು ಸೇರಿಸದೆ ಇರಲಾರೆ. ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪೇಸ್ ಮಹಾನವಮಿಯ ರಾತ್ರಿ ಅಂಗಳದ ಸುತ್ತ ಪಂಜುಗಳನ್ನಿರಿಸಿ ಹಗಲು ಮಾಡುತ್ತಿದ್ದುದನ್ನು ಬರೆದಿದ್ದಾನೆ. ಪಂಜಿನ ಬೆಳಕು ಸುತ್ತಲೂ ಚೆಲ್ಲುತ್ತದೆ. ಮೋಟಾರಿಗೆ ಬೇಕಾದುದು ಚೆಲ್ಲುವ ಬೆಳಕಲ್ಲ, ಎಸೆಯುವ ಬೆಳಕು. ಆದ್ದರಿಂದ ದೀಪದ ಹಿಂದೆ ಬಟ್ಟಲಿನಂತಹ ಪ್ರತಿಫಲಕವಿಟ್ಟು ಕಿರಣಗಳನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸಬೇಕಾಯಿತು. ಮೊದಮೊದಲಿನ ಕಾರುಗಳಲ್ಲಿ ಕಾರ್ಬೈಡ್ ಕಲ್ಲಿನ ಮೇಲೆ ನೀರು ತೊಟ್ಟಿಕ್ಕಿಸಿ ಹುಟ್ಟುವ ಅಸಿಟಲೀನ್ ಅನಿಲವನ್ನು ಉರಿಸುತ್ತಿದ್ದರು. ಅಮೆರಿಕದ ಕ್ಯಾಡಿಲಾಕ್ ಕಂಪನಿಯು ೧೯೧೨ರಲ್ಲಿ ಗಾಡಿಯನ್ನು ಚಾಲೂ ಮಾಡುವುದಕ್ಕೂ ದೀಪಕ್ಕೂ ಕೂಡಿಯೇ ವಿದ್ಯುತ್ತನ್ನು ಅಳವಡಿಸಿದ ಮೇಲೆ ಅನಿಲದೀಪ ಹಿಂದೆ ಬಿತ್ತು. ನಮ್ಮ ರಸ್ತೆಯ ಗಾಡಿಗಳಲ್ಲಿ ಈಗಲೂ ಬಹಳವಾಗಿ ಕಾಣುವುದು ೧೯೭೧ರಲ್ಲಿ ಬಳಕೆಗೆ ಬಂದ ಎಚ್ ೪ ಎಂಬ ಹ್ಯಾಲೊಜನ್ ಬಲ್ಬು.

ಈ ಎಚ್ ೪ ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿದರೆ (ಗಾಜನ್ನು ಮುಟ್ಟದೆ ಹಿಡಿಯಬೇಕು, ಕಾರಣ ಮುಂದೆ) ಒಳಗೆ ಎರಡು ತಂತುಗಳು ಕಾಣುತ್ತವೆ. ಒಂದು ದೂರಕ್ಕೆ ಎಸೆಯುವ ಬೆಳಕಿಗೆ, ಅಂಗಡಿಯ ಭಾಷೆಯಲ್ಲಿ ಬ್ರೈಟ್. ಇನ್ನೊಂದು ತಗ್ಗಿಸಿದ ಬೆಳಕಿಗೆ, ಎಂದರೆ ಡಿಮ್. ಡಿಮ್ ತಂತುವಿನ ಕೆಳಗೆ ಒಂದು ಸಣ್ಣ ಲೋಹದ ದೊನ್ನೆಯಿದೆ. ಅದು ಕೆಳಮುಖವಾಗಿ ಹೋಗುವ ಕಿರಣಗಳನ್ನು ತಡೆದು, ಪ್ರತಿಫಲಕದ ಕೆಳಭಾಗದಿಂದ ಚಿಮ್ಮಿ ಎದುರಿನವನ ಕಣ್ಣಿಗೆ ಬೀಳಬಹುದಾದ ಬೆಳಕನ್ನು ನಿಲ್ಲಿಸುತ್ತದೆ. ಹಿಂದೆ ಮೂರು ಚಪ್ಪಟೆ ಕಾಲುಗಳು: ಒಂದು ಬ್ರೈಟಿಗೆ, ಒಂದು ಡಿಮ್ಮಿಗೆ, ಮೂರನೆಯದು ಎರಡಕ್ಕೂ ಸಮಾನವಾದ ಅರ್ತು. ಕಾರಿನ ಬಲ್ಬಿನ ಮೇಲೆ ೧೨ ವೋಲ್ಟು, ೬೦/೫೫ ವ್ಯಾಟು ಎಂದೂ ಲಾರಿಯದರ ಮೇಲೆ ೨೪ ವೋಲ್ಟು, ೭೫/೭೦ ವ್ಯಾಟು ಎಂದೂ ಬರೆದಿರುತ್ತದೆ.

ವಿದ್ಯುತ್ತು ಬಲ್ಬಿಗೆ ಬರುವ ದಾರಿ ಹೀಗಿದೆ: ಬ್ಯಾಟರಿಯ ಧನಾಗ್ರದಿಂದ ಫ್ಯೂಸಿಗೆ, ಅಲ್ಲಿಂದ ಸ್ವಿಚ್ಚು ಮತ್ತು ರಿಲೇಗಳ ಮೂಲಕ ಪ್ಲಗ್ಗಿಗೆ, ಪ್ಲಗ್ಗಿನಿಂದ ತಂತುವಿಗೆ. ಸಾಮಾನ್ಯವಾಗಿ ಜನರು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಬಂದ ವಿದ್ಯುತ್ತು ಮರಳಿ ಬ್ಯಾಟರಿಯ ಋಣಾಗ್ರಕ್ಕೆ ಹೋಗಬೇಕು, ಇಲ್ಲವಾದರೆ ಬರುವುದೂ ಇಲ್ಲ. ಕಾಲುವೆಯ ನೀರಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಕಾಲುವೆಯ ನೀರು ಗದ್ದೆಗೆ ಬಂದರೆ ಸಾಕು, ವಿದ್ಯುತ್ತು ಮನೆಗೆ ಮರಳಬೇಕು. ಮರಳುವ ದಾರಿಗೆ ಬೇರೆ ತಂತಿ ಹಾಕುವ ಖರ್ಚೇಕೆಂದು ಗಾಡಿ ಕಟ್ಟುವವರು ಗಾಡಿಯ ಕಬ್ಬಿಣದ ಮೈಯನ್ನೇ ತಂತಿಯಾಗಿ ಬಳಸುತ್ತಾರೆ. ಇದಕ್ಕೆ ಬಾಡಿ ಅರ್ತ್ ಎಂದು ಹೆಸರು. ದೀಪದಿಂದ ಹೊರಟ ಒಂದು ಗೇಣು ತಂತಿಯನ್ನು ಮೈಗೆ ಒಂದು ಬೋಲ್ಟಿನಿಂದ ಬಿಗಿದರೆ ಕೆಲಸ ಮುಗಿಯಿತು. ಸಂಡೂರಿನ ಧೂಳು ಮಳೆಗಾಲದಲ್ಲಿ ತೇವ ಹಿಡಿದು ಕೂರುವುದು ಆ ಬೋಲ್ಟಿನ ಕೆಳಗೇ.

ಒಂದು ಸಣ್ಣ ಲೆಕ್ಕ ಮಾಡೋಣ. ೫೫ ವ್ಯಾಟನ್ನು ೧೨ ವೋಲ್ಟಿನಿಂದ ಭಾಗಿಸಿದರೆ ಸುಮಾರು ೪.೬ ಆಂಪಿಯರು, ಓಮನ ನಿಯಮದಂತೆ ಉರಿಯುವ ತಂತುವಿನ ರೋಧ ಸುಮಾರು ೨.೬ ಓಮ್. ತುಕ್ಕು ಹಿಡಿದ ಜೋಡಣೆಯಲ್ಲಿ ಬರಿಯ ಅರ್ಧ ಓಮ್ ರೋಧ ಹುಟ್ಟಿತೆನ್ನಿ. ಆಗ ಬಲ್ಬಿಗೆ ಸಿಗುವುದು ಹೆಚ್ಚುಕಡಮೆ ೧೦ ವೋಲ್ಟು. ೧೨ರಲ್ಲಿ ಎರಡು ಹೋದರೆ ಬೆಳಕಿನಲ್ಲಿ ಆರನೆಯ ಒಂದು ಭಾಗ ಹೋಯಿತೆಂದು ನಾನು ಮೊದಲು ಭಾವಿಸಿದ್ದೆ. ಹಾಗಲ್ಲ. ತಂತುವಿನ ಬೆಳಕು ವೋಲ್ಟೇಜಿನ ಮೂರೂವರೆ ಘಾತದ ಹತ್ತಿರ ಏರಿಳಿಯುತ್ತದೆ. ವೋಲ್ಟೇಜು ಹತ್ತರಲ್ಲೊಂದು ಪಾಲು ಇಳಿದರೆ ಬೆಳಕು ಹತ್ತರಲ್ಲಿ ಮೂರು ಪಾಲು ಇಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿ ಹೆಚ್ಚುಕಡಮೆ ಅರ್ಧ ಬೆಳಕು ಬೋಲ್ಟಿನ ಕೆಳಗಿನ ತುಕ್ಕಿಗೆ ಆಹುತಿ. ಬಲ್ಬನ್ನು ಹತ್ತು ಸಲ ಬದಲಿಸಿದರೂ ಆ ಅರ್ಧ ಮರಳಿ ಬಾರದು.

ಇದನ್ನೆಲ್ಲ ನನಗೆ ಮನದಟ್ಟು ಮಾಡಿಸಿದ್ದು ಒಂದು ಸ್ಪೋರ್ಟ್ಸ್ ಕಾರು. ಚಳಿಗಾಲದಲ್ಲಿ ಹಂಪೆಗೆ ಬರುವ ಪ್ರವಾಸಿಗರ ಗಾಡಿಗಳಲ್ಲಿ ಎಲ್ಲ ಬಗೆಯವೂ ಉಂಟು. ಕಳೆದ ಡಿಸೆಂಬರಿನ ಒಂದು ಸಂಜೆ, ಇಬ್ಬರೇ ಕೂರಬಹುದಾದ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಹೋಗುವಂತಹ ಹಳೆಯ ಕಾರೊಂದು ನಮ್ಮ ಅಂಗಡಿಯ ಮುಂದೆ ನಿಂತಿತು. ಬೆಂಗಳೂರಿನಿಂದ ಬಂದವರು. ಬಲದೀಪ ಸೊರಗಿ ಕೆಂಪಗೆ ಮಿಣುಕುತ್ತಿತ್ತು. ಊರಲ್ಲೇ ಒಮ್ಮೆ ಬಲ್ಬು ಬದಲಿಸಿದರಂತೆ. ಬೆಳಕು ಸಾಲದೆಂದು ದಾರಿಯಲ್ಲಿ ೧೦೦/೯೦ ವ್ಯಾಟಿನ ದೊಡ್ಡ ಬಲ್ಬನ್ನೂ ಹಾಕಿಸಿದರಂತೆ. ಅದೂ ಹಾಗೇ ಉರಿಯಿತಂತೆ. ದೀಪದ ಸೆಟ್ಟನ್ನೇ ಹೊರದೇಶದಿಂದ ತರಿಸಬೇಕೆಂದು ಯಾರೋ ಫೋನಿನಲ್ಲಿ ಹೇಳಿದ್ದರು. ಅಂತಹ ಕಾರನ್ನು ನಾವು ಮೂವರೂ ಮುಟ್ಟಿದವರಲ್ಲ. ಮಾವ ಕೈ ಒರೆಸಿಕೊಳ್ಳುತ್ತ ನಿಂತುಬಿಟ್ಟರು.

ತಂದೆಯವರು ಸ್ಟೂಲಿನಿಂದ ಏಳಲಿಲ್ಲ. "ಕಾರು ದೊಡ್ಡೋರದಿರಬಹುದು, ಕರೆಂಟು ಎಲ್ಲಾರಿಗೂ ಒಂದ. ದೀಪ ಹಚ್ಚು, ನೋಡೋಣು" ಎಂದರು.

ನಿದಾನದ ಮೊದಲ ಹೆಜ್ಜೆ ಉಪಕರಣವಲ್ಲ, ಪ್ರಶ್ನೆ. ಎರಡು ದೀಪಗಳೂ ಸಂಪೂರ್ಣವಾಗಿ ಆರಿದ್ದರೆ ತಪ್ಪು ಇಬ್ಬರಿಗೂ ಸಮಾನವಾದ ಜಾಗದಲ್ಲಿರಬೇಕು: ಮುಖ್ಯ ಫ್ಯೂಸು, ಸ್ವಿಚ್ಚು, ರಿಲೇ. ಎರಡು ಬಲ್ಬುಗಳು ಒಂದೇ ಗಳಿಗೆಯಲ್ಲಿ ಸಾಯುವುದು ಅಪರೂಪ. (ಒಂದು ಸತ್ತು ಮೂರು ತಿಂಗಳು ಕಳೆದು ಇನ್ನೊಂದು ಸತ್ತಾಗ ಮಾತ್ರ ನಮ್ಮ ಚಾಲಕರು "ಎರಡೂ ಒಮ್ಮೆಗೇ ಹೋದವು" ಎನ್ನುತ್ತಾರೆ.) ಒಂದೇ ಪಕ್ಕದ ದೀಪ ಕೆಟ್ಟಿದ್ದರೆ ಆ ಪಕ್ಕದ ಬಲ್ಬು, ಪ್ಲಗ್ಗು, ಅರ್ತು, ಅದಕ್ಕೆ ಬೇರೆ ಫ್ಯೂಸಿದ್ದರೆ ಆ ಫ್ಯೂಸು. ಆಕ್ಸಿಲರೇಟರು ಒತ್ತಿದಾಗ ಬೆಳಕು ಏರಿ, ಬಿಟ್ಟಾಗ ತೀರ ಇಳಿದರೆ ದೀಪವನ್ನು ಬಿಟ್ಟು ಬ್ಯಾಟರಿಯನ್ನೂ ಅದನ್ನು ಚಾರ್ಜು ಮಾಡುವ ಆಲ್ಟರ್ನೇಟರನ್ನೂ ನೋಡಬೇಕು. ಬಲ್ಬುಗಳು ಪದೇ ಪದೇ ಸುಟ್ಟುಹೋಗುತ್ತಿದ್ದರೆ ವೋಲ್ಟೇಜು ಮಿತಿ ಮೀರುತ್ತಿರಬಹುದು. ೧೨ ವೋಲ್ಟಿನ ಗಾಡಿಯಲ್ಲಿ ಎಂಜಿನು ಓಡುವಾಗ ೧೪.೫ರ ಆಸುಪಾಸನ್ನು ದಾಟಬಾರದು. ನೂರಕ್ಕೆ ಐದರಷ್ಟು ಹೆಚ್ಚಾದರೂ ಬಲ್ಬಿನ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ.

ನಮ್ಮ ರೋಗಿಯ ಲಕ್ಷಣ ಬೇರೆ. ದೀಪ ಆರಿರಲಿಲ್ಲ, ಸೊರಗಿತ್ತು. ಬಲಗಡೆಯ ಇಂಡಿಕೇಟರು ಹಾಕಿದಾಗ ಅದರ ತಾಳಕ್ಕೆ ಮುಂದೀಪವೂ ಕುಣಿಯುತ್ತಿತ್ತು. ತಂದೆಯವರು ನನ್ನನ್ನು ಚಾಲಕನ ಆಸನದಲ್ಲಿ ಕೂರಿಸಿ, "ನೀಲಿ ಬೆಳಕು ಐತೇನು ನೋಡು" ಎಂದರು. ಬ್ರೈಟ್ ಹಾಕಿದಾಗ ಮಾತ್ರ ಹೊತ್ತಬೇಕಾದ ನೀಲಿ ಸೂಚಕದೀಪವು ಡಿಮ್ಮಿನಲ್ಲಿದ್ದಾಗಲೂ ಮಿಣುಕು ಹುಳುವಿನಂತೆ ಹೊಳೆಯುತ್ತಿತ್ತು. ಅವರಿಗೆ ಅಷ್ಟು ಸಾಕಾಯಿತು. ನನಗೆ ಅರ್ಥವಾಗಲು ಒಂದು ವಾರ ಬೇಕಾಯಿತು. ಅರ್ತಿನ ದಾರಿ ಮುಚ್ಚಿಕೊಂಡಾಗ ಡಿಮ್ ತಂತುವಿಗೆ ಬಂದ ವಿದ್ಯುತ್ತು ಮರಳುವ ದಾರಿ ಕಾಣದೆ, ಅದೇ ಬಲ್ಬಿನ ಬ್ರೈಟ್ ತಂತುವಿನೊಳಗೆ ಹಿಮ್ಮುಖವಾಗಿ ನುಗ್ಗಿ, ಬ್ರೈಟ್ ತಂತಿಯ ಮೂಲಕ ನೀಲಿದೀಪಕ್ಕೂ ಎಡಬದಿಯ ಬಲ್ಬಿಗೂ ಹೋಗಿ ಅಲ್ಲಿಯ ಅರ್ತಿನಿಂದ ಮನೆ ಸೇರುತ್ತದೆ. ಸೇತುವೆ ಮುಳುಗಿದಾಗ ಕಂಪ್ಲಿಯವರು ಗಂಗಾವತಿಗೆ ಸುತ್ತಿ ಬಳಸಿ ಹೋಗುವುದಿಲ್ಲವೆ, ಹಾಗೆ.

ಲಕ್ಷಣ ಹೇಳಿದ್ದನ್ನು ಅಳತೆಯಿಂದ ದೃಢಪಡಿಸಬೇಕು. ಮಾವ ಟೆಸ್ಟ್ ಲ್ಯಾಂಪು ತಂದರು. ಇದು ಎರಡು ತಂತಿ ಕಟ್ಟಿದ ಸಣ್ಣ ಬಲ್ಬು. ಒಂದು ತುದಿಯನ್ನು ಗಾಡಿಯ ಮೈಗೆ ಚುಚ್ಚಿ ಇನ್ನೊಂದನ್ನು ಪ್ಲಗ್ಗಿಗೆ ಮುಟ್ಟಿಸಿದರೆ ವಿದ್ಯುತ್ತು ಬರುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಮಾವ ಹತ್ತಿರದ ಒಂದು ಬೋಲ್ಟಿಗೆ ಕ್ಲಿಪ್ಪು ಸಿಕ್ಕಿಸಿ ನೋಡಿದರು. ಹೊತ್ತಲಿಲ್ಲ. "ಕರೆಂಟೇ ಬರವಲ್ದು ಭಾವ, ವೈರಿಂಗ್ ಎಲ್ಲಾ ಬಿಚ್ಚಬೇಕು" ಎಂದರು. ತಂದೆಯವರು, "ಹೋಗೋ ದಾರಿ ನೋಡಿದಿ, ಬರೋ ದಾರಿ ನೋಡಿದೇನು? ಕ್ಲಿಪ್ಪು ಬ್ಯಾಟರಿಗೆ ಹಾಕು" ಎಂದರು. ಋಣಾಗ್ರಕ್ಕೆ ಸಿಕ್ಕಿಸಿದೊಡನೆ ಟೆಸ್ಟ್ ಲ್ಯಾಂಪು ಝಗ್ಗೆಂದು ಹೊತ್ತಿತು. ಕಾರಣ ಸರಳ. ಆ ಕಾರಿನ ಮೈ ಕಬ್ಬಿಣದ್ದಾಗಿರಲಿಲ್ಲ, ಫೈಬರಿನದು. ಓಟದ ಕಾರುಗಳನ್ನು ಹಗುರಮಾಡಲು ಹೀಗೆ ಮಾಡುವುದುಂಟು; ಅಮೆರಿಕದ ಕಾರ್ವೆಟ್ ಎಂಬ ಕಾರಿಗೆ ೧೯೫೩ರಿಂದಲೇ ಫೈಬರ್ ಮೈ. ಅಂತಹ ಗಾಡಿಯಲ್ಲಿ ಬಾಡಿ ಅರ್ತ್ ಎಂಬುದೇ ಇಲ್ಲ. ಪ್ರತಿಯೊಂದು ದೀಪದ ವಿದ್ಯುತ್ತೂ ಬೇರೆ ತಂತಿಯಿಂದಲೇ ಕೆಳಗಿನ ಕಬ್ಬಿಣದ ಚಾಸಿಗೆ ಬರಬೇಕು. ಲಾರಿಯ ರೂಢಿಯಿಂದ ಕಾರಿನ ರೋಗ ನೋಡಹೋದರೆ ಹೀಗಾಗುತ್ತದೆ. ಮಾವ ವೈರಿಂಗು ಬಿಚ್ಚಿದ್ದರೆ ಎರಡು ದಿನದ ಕೆಲಸ.

ಇನ್ನು ಮಲ್ಟಿಮೀಟರಿನ ವಿಚಾರ. ಇದರಲ್ಲಿ ಹೊಸಬರು ಮಾಡುವ ತಪ್ಪೊಂದಿದೆ, ನಾನೂ ಮಾಡಿದ್ದೇನೆ. ಪ್ಲಗ್ಗನ್ನು ಬಲ್ಬಿನಿಂದ ಕಿತ್ತು ಅದರೊಳಗೆ ಮೀಟರಿನ ಕಡ್ಡಿಯಿಟ್ಟರೆ ೧೨ ವೋಲ್ಟು ಪೂರ್ತಿ ತೋರಿಸುತ್ತದೆ. ತುಕ್ಕು ಹಿಡಿದ ಜೋಡಣೆಯೂ ಮೀಟರಿಗೆ ಬೇಕಾದ ಅತ್ಯಲ್ಪ ಪ್ರವಾಹವನ್ನು ಸುಲಭವಾಗಿ ಬಿಡುತ್ತದೆ, ೪.೬ ಆಂಪಿಯರು ಕೇಳಿದಾಗ ಮಾತ್ರ ಕೈಯೆತ್ತುತ್ತದೆ. ಹೊರೆ ಹೊರಿಸದೆ ಎತ್ತಿನ ಬಲ ನೋಡಿದಂತೆ. ಆದ್ದರಿಂದ ಬಲ್ಬು ಸೇರಿಸಿ ದೀಪ ಹಚ್ಚಿಯೇ ಅಳೆಯಬೇಕು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಧನಾಗ್ರದಲ್ಲಿ, ಇನ್ನೊಂದು ಬಲ್ಬಿನ ಡಿಮ್ ಕಾಲಿನ ಹಿಂಬದಿಯಲ್ಲಿ: ಇಲ್ಲಿ ಕಂಡುದು ಬರುವ ದಾರಿಯ ನಷ್ಟ. ಆಮೇಲೆ ಬಲ್ಬಿನ ಅರ್ತಿನ ಕಾಲಿನಿಂದ ಬ್ಯಾಟರಿಯ ಋಣಾಗ್ರಕ್ಕೆ: ಇಲ್ಲಿ ಕಂಡುದು ಮರಳುವ ದಾರಿಯ ನಷ್ಟ. ಎರಡೂ ಅರ್ಧ ವೋಲ್ಟಿನ ಒಳಗಿದ್ದರೆ ಆರೋಗ್ಯ. ಆ ಕಾರಿನಲ್ಲಿ ಮೊದಲನೆಯದು ೦.೪, ಎರಡನೆಯದು ೪ನ್ನು ದಾಟಿತ್ತು. ದೊಡ್ಡ ಬಲ್ಬು ಹಾಕಿದುದರಿಂದ ಪ್ರವಾಹ ಹೆಚ್ಚಿ ಕೆಟ್ಟ ಜೋಡಣೆಯಲ್ಲಿ ನಷ್ಟವೂ ಹೆಚ್ಚಿತ್ತು, ಪ್ಲಗ್ಗಿನ ಪ್ಲಾಸ್ಟಿಕ್ಕು ಕಂದುಬಣ್ಣಕ್ಕೆ ತಿರುಗಿತ್ತು. ಇನ್ನೊಂದು ವಾರ ಹೋಗಿದ್ದರೆ ಕರಗುತ್ತಿತ್ತು.

ಕಾರಿನ ಕೆಳಗೆ ಮಲಗಿ ತಂತಿಯ ಜಾಡು ಹಿಡಿದು ಹೋದೆ. ಚಾಸಿಗೆ ಬಿಗಿದಿದ್ದ ಬಳೆಯಾಕಾರದ ತುದಿಯು ಹಸಿರುಗಟ್ಟಿ ಎರಡೇ ಎಳೆ ತಂತಿಯಲ್ಲಿ ತೂಗುತ್ತಿತ್ತು. ಅದನ್ನು ಕತ್ತರಿಸಿ ಹೊಸ ತುದಿ ಒತ್ತಿ, ಚಾಸಿಯ ಜಾಗವನ್ನು ಮರಳುಕಾಗದದಿಂದ ಬೆಳ್ಳಗಾಗುವವರೆಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನು ಸವರಿದೆವು. ಬಂದ ಖರ್ಚು ಒಂದು ಊಟದ ಹಣಕ್ಕಿಂತ ಕಡಮೆ. ಮೀಟರು ಈಗ ೦.೧ ತೋರಿಸಿತು.

ಆದರೂ ಬಲ್ಬು ಬದಲಿಸಬೇಕಾಗಿತ್ತು, ಏಕೆಂದರೆ ೧೦೦ ವ್ಯಾಟಿನದು ಅಲ್ಲಿರಬಾರದ ಬಲ್ಬು. ಬದಲಿಸುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಾಚಕರಲ್ಲಿ ಹಲವರ ಮನೆಯಲ್ಲಿ ಇಂದು ಗಾಡಿಯಿದೆ. ದೀಪ ಆರಿಸಿ, ಕೀಲಿ ತೆಗೆದು, ಬಲ್ಬು ತಣ್ಣಗಾಗುವವರೆಗೆ ಕಾಯಿರಿ. ಉರಿಯುವ ಹ್ಯಾಲೊಜನ್ ಗಾಜು ಚರ್ಮವನ್ನು ಬಿಡುವುದಿಲ್ಲ. ಪ್ಲಗ್ಗನ್ನು ತಂತಿ ಹಿಡಿದಲ್ಲ, ಪ್ಲಗ್ಗನ್ನೇ ಹಿಡಿದು ನೇರವಾಗಿ ಎಳೆಯಿರಿ. ಹಿಂದಿನ ರಬ್ಬರಿನ ಟೋಪಿ ತೆಗೆದು, ಸ್ಪ್ರಿಂಗಿನ ಕ್ಲಿಪ್ಪು ಸರಿಸಿದರೆ ಬಲ್ಬು ಕೈಗೆ ಬರುತ್ತದೆ. ಹಳೆಯದನ್ನು ಎಸೆಯುವ ಮೊದಲು ನೋಡಿ. ಗಾಜು ಕಪ್ಪಗಾಗಿದ್ದರೆ ವಯಸ್ಸಾಗಿ ಸತ್ತಿದೆ. ಒಳಗೆ ಬಿಳಿಯ ಹಿಟ್ಟು ಕೂತಿದ್ದರೆ ಗಾಜು ಬಿರಿದು ಗಾಳಿ ಹೊಕ್ಕಿದೆ. ಗಾಜು ಸ್ವಚ್ಛವಾಗಿದ್ದು ತಂತುವೂ ಕೂಡಿದ್ದರೆ ನೀವು ಒಳ್ಳೆಯ ಬಲ್ಬನ್ನು ಎಸೆಯುತ್ತಿದ್ದೀರಿ. ಹೊಸದರ ಗಾಜನ್ನು ಬೆರಳಿನಿಂದ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಹೆಚ್ಚು ಕಾದು ಬೇಗ ಕೆಡುತ್ತದೆ. ಮುಟ್ಟಿದ್ದರೆ ಸ್ಪಿರಿಟ್ಟಿನಲ್ಲಿ ಒರೆಸಿರಿ. ಬಲ್ಬಿನ ಕೊರಳಿನಲ್ಲಿ ಮೂರು ಕಿವಿಗಳಿವೆ. ಅವು ಒಂದೇ ರೀತಿಯಲ್ಲಿ ಕೂಡುತ್ತವೆ, ಬಲವಂತ ಬೇಡ. ರಬ್ಬರಿನ ಟೋಪಿಯನ್ನು ಮರೆಯಬಾರದು. ಅದು ಹರಿದಿದೆಯೆಂದು ಬಿಸಾಡಿದ ಲಾರಿಗಳ ದೀಪದೊಳಗೆ ಅದಿ­ರಿನ ಧೂಳು ಕುಂಕುಮದಂತೆ ಕೂತಿರುತ್ತದೆ. ಆ ಧೂಳನ್ನು ಬಟ್ಟೆಯಿಂದ ಒರೆಸಹೋದರೆ ಪ್ರತಿಫಲಕದ ತೆಳುವಾದ ಅಲ್ಯುಮಿನಿಯಂ ಲೇಪವೇ ಎದ್ದುಬರುತ್ತದೆ; ನಾನು ಒಂದನ್ನು ಹಾಗೆ ಹಾಳುಮಾಡಿ ಮಾವನಿಂದ ಬೈಸಿಕೊಂಡಿದ್ದೇನೆ.

ಇತ್ತೀಚಿನ ಕಾರುಗಳ ಎಲ್‌ಇಡಿ ದೀಪಗಳಲ್ಲಿ ಬಲ್ಬೆಂಬುದು ಬೇರೆ ಇಲ್ಲದಿರುವುದೇ ಹೆಚ್ಚು. ಕೆಟ್ಟರೆ ಇಡೀ ದೀಪವನ್ನೇ ಬದಲಿಸಬೇಕಾಗಬಹುದು. ಕ್ಸೆನಾನ್ ದೀಪಗಳು ಹೊತ್ತಿಕೊಳ್ಳುವ ಗಳಿಗೆಯಲ್ಲಿ ಸುಮಾರು ೨೦,೦೦೦ ವೋಲ್ಟು ಬಳಸುತ್ತವೆಯಾದ್ದರಿಂದ ತಿಳಿಯದವರು ಅವನ್ನು ಬಿಚ್ಚಬಾರದು. ಹ್ಯಾಲೊಜನ್ನಿನ ಬಟ್ಟಲಿಗೆ ಅಗ್ಗದ ಎಲ್‌ಇಡಿ ತುರುಕುವ ಚಟ ನಮ್ಮ ಊರಿನಲ್ಲೂ ಹಬ್ಬಿದೆ. ಬಟ್ಟಲಿನ ಬಾಗನ್ನು ತಂತುವಿರುವ ಜಾಗಕ್ಕೆ ಲೆಕ್ಕಹಾಕಿ ಮಾಡಿರುತ್ತಾರೆ. ಬೆಳಕು ಹುಟ್ಟುವ ಜಾಗ ಒಂದೆರಡು ಮಿಲಿಮೀಟರು ಸರಿದರೂ ಕಿರಣಗಳು ದಿಕ್ಕೆಡುತ್ತವೆ. ಹಾಕಿಸಿಕೊಂಡವನಿಗೆ ಹಗಲಾದಂತೆ ಕಾಣುತ್ತದೆ, ಎದುರಿನವನು ಕುರುಡನಾಗುತ್ತಾನೆ. ನನ್ನ ಗೆಳೆಯರಲ್ಲಿ ಕೆಲವರಿಗೆ ಈ ಮಾತು ರುಚಿಸದು. ಇರಲಿ.

ಬಲ್ಬು ಹಾಕಿದ ಮೇಲೆ ಕೆಲಸ ಮುಗಿಯಿತೆಂದು ಹೊರಡುವವರೇ ಹೆಚ್ಚು. ಬೆಳಕಿನ ಗುರಿ ನೋಡಬೇಕು. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೧೦೬ನೆಯದು ಈ ವಿಷಯಕ್ಕೇ ಮೀಸಲು: ದೀಪದಿಂದ ೮ ಮೀಟರು ದೂರದಲ್ಲಿ, ಗಾಡಿಯ ಬಲಕ್ಕೆ ಅರ್ಧ ಮೀಟರು ಸರಿದು, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿರುವ ಕಣ್ಣನ್ನು ತಗ್ಗಿಸಿದ ಬೆಳಕು ಕುಕ್ಕಬಾರದು. ಆ ಕಣ್ಣು ಯಾರದು? ಎದುರಿನಿಂದ ಮೊಪೆಡ್ಡಿನಲ್ಲಿ ಬರುತ್ತಿರುವವನದು ಎಂದು ನಾನು ಓದಿಕೊಂಡೆ.

ಅಂಗಡಿಯಲ್ಲಿ ನಾವು ಮಾಡುವ ರೀತಿ ಇದು. ಸಮತಟ್ಟಾದ ನೆಲದಲ್ಲಿ ಗೋಡೆಯಿಂದ ೨೫ ಅಡಿ ದೂರಕ್ಕೆ ಗಾಡಿಯನ್ನು ನೇರವಾಗಿ ನಿಲ್ಲಿಸುತ್ತೇವೆ. ಚಕ್ರಗಳ ಗಾಳಿ ಸರಿಯಿರಬೇಕು, ಚಾಲಕ ಆಸನದಲ್ಲಿರಬೇಕು. ದೀಪದ ನಡುಬಿಂದುವಿನ ಎತ್ತರವನ್ನು ಅಳೆದು ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ, ಅದಕ್ಕೆ ೩ ಅಂಗುಲ ಕೆಳಗೆ ಇನ್ನೊಂದು ಗೆರೆ. ಡಿಮ್ ಬೆಳಕಿನ ಮೇಲಂಚು ಕೆಳಗಿನ ಗೆರೆಗೆ ಕೂರುವಂತೆ ದೀಪದ ಹಿಂದಿನ ತಿರುಪನ್ನು ತಿರುಗಿಸಬೇಕು. ನೂರಕ್ಕೆ ಒಂದರ ಇಳಿಜಾರು ಇದು. ಆ ಅಂಚು ನೇರವಾಗಿರುವುದಿಲ್ಲ. ನಮ್ಮ ದೇಶದ ದೀಪಗಳಲ್ಲಿ ಎಡಭಾಗಕ್ಕೆ ಮೇಲೇರುತ್ತದೆ, ರಸ್ತೆಯಂಚಿನ ಪಾದಚಾರಿ ಕಾಣಲೆಂದು. ಬಲಬದಿಯ ಸಂಚಾರವಿರುವ ದೇಶಗಳ ದೀಪವನ್ನು ತಂದು ಇಲ್ಲಿ ಹಾಕಿದರೆ ಅದೇ ಏರು ಎದುರಿನವನ ಮುಖಕ್ಕೆ ಬೀಳುತ್ತದೆ. ಹೊರದೇಶದಿಂದ ದೀಪದ ಸೆಟ್ಟು ತರಿಸಹೊರಟಿದ್ದ ಆ ಮಹನೀಯರಿಗೆ ಇದನ್ನು ತೋರಿಸಿ ಹೇಳಿದೆವು.

ಓಟದ ಕಾರಿಗೆ ಇಲ್ಲಿ ಒಂದು ವಿಶೇಷ ಕಷ್ಟವಿದೆ. ಅದರ ದೀಪ ನೆಲದಿಂದ ಎರಡೇ ಅಡಿ ಎತ್ತರ. ನೂರಕ್ಕೆ ಒಂದರಂತೆ ಇಳಿದರೆ ೨೦೦ ಅಡಿಯಲ್ಲಿ ಬೆಳಕಿನ ಮೇಲಂಚು ನೆಲ ಮುಟ್ಟುತ್ತದೆ. ಗಂಟೆಗೆ ೮೦ ಕಿಲೋಮೀಟರು ವೇಗದಲ್ಲಿ ಆ ದೂರ ಮೂರು ಸೆಕೆಂಡಿನೊಳಗೆ ಮುಗಿಯುತ್ತದೆ. ಎಂದರೆ ಡಿಮ್ಮಿನಲ್ಲಿ ಅಂತಹ ಕಾರನ್ನು ಅದರ ಹೆಸರಿಗೆ ತಕ್ಕಂತೆ ಓಡಿಸಲು ಬರುವುದಿಲ್ಲ. ಚಪ್ಪಟೆ ಮೂತಿಯ ಕಾರಿನಲ್ಲಿ ದೀಪವನ್ನು ಬೇಕಾದಾಗ ಕಪ್ಪೆಯ ಕಣ್ಣಿನಂತೆ ಮೇಲೇಳುವಂತೆ ಮಾಡಿದ್ದೂ ಉಂಟು. ೧೯೩೬ರ ಅಮೆರಿಕದ ಕಾರ್ಡ್ ಕಾರಿನಲ್ಲಿ ಕೈಯಿಂದ ತಿರುಗಿಸಿ ಎಬ್ಬಿಸುತ್ತಿದ್ದರು. ೨೦೦೪ರ ಹೊತ್ತಿಗೆ ಆ ಪದ್ಧತಿ ಹೊಸ ಕಾರುಗಳಲ್ಲಿ ನಿಂತುಹೋಯಿತು. ಅದಿರಿನ ಲಾರಿಯ ಕಷ್ಟ ಇದಕ್ಕೆ ತಿರುಗುಮುರುಗು. ಹಿಂದೆ ಹೊರೆ ಬಿದ್ದಾಗ ಮೂತಿ ಮೇಲೇಳುತ್ತದೆ, ಖಾಲಿಯಿದ್ದಾಗ ಸರಿಯಾಗಿದ್ದ ಬೆಳಕು ಈಗ ಎದುರಿನವನ ಹಣೆಗೆ. ತಂದೆಯವರು ತಮ್ಮ ಕಾಲದಲ್ಲಿ ಹೊರೆ ತುಂಬಿಸಿಯೇ ಗುರಿ ಕೂರಿಸುತ್ತಿದ್ದರಂತೆ. ಮರಳಿ ಖಾಲಿ ಬರುವಾಗ ಬೆಳಕು ಹತ್ತಿರ ಬೀಳುತ್ತಿತ್ತು, ನಿಧಾನವಾಗಿ ಬರುತ್ತಿದ್ದೆ ಎನ್ನುತ್ತಾರೆ.

ಆ ಸಂಜೆ ಎರಡೂ ಪಕ್ಕಕ್ಕೆ ೬೦/೫೫ರ ಜೋಡಿ ಬಲ್ಬು ಹಾಕಿ, ಸುಟ್ಟ ಪ್ಲಗ್ಗು ಬದಲಿಸಿ, ಕಾರನ್ನು ಗೋಡೆಯ ಮುಂದೆ ನಿಲ್ಲಿಸಿದಾಗ ಎಂಟು ಗಂಟೆ ಮೀರಿತ್ತು. ಬೆಳಕಿನ ಎರಡು ತುಂಡುಗಳು ಇದ್ದಿಲಿನ ಗೆರೆಯ ಮೇಲೆ ಸಮನಾಗಿ ಕೂತವು. ತಂದೆಯವರು ಎದ್ದು ಹೋಗಿ ಕಾರಿನ ಮುಂದೆ ಹತ್ತು ಹೆಜ್ಜೆ ದೂರದಲ್ಲಿ, ಬಲಕ್ಕೆ ಸ್ವಲ್ಪ ಸರಿದು, ಸ್ಟೂಲು ಹಾಕಿಕೊಂಡು ಕುಳಿತರು. ಮೊಪೆಡ್ಡಿನ ಮೇಲೆ ಕುಳಿತ ಎತ್ತರಕ್ಕೆ ಅದು ಸರಿಹೋಗುತ್ತದೆ. ಡಿಮ್, ಬ್ರೈಟ್, ಮತ್ತೆ ಡಿಮ್ ಎಂದು ನನ್ನಿಂದ ಮೂರು ಸಲ ಹಾಕಿಸಿದರು. "ಆತು, ಕಳಸು" ಎಂದರು. ಕಾರಿನವರು ಹಣ ಕೊಟ್ಟು ಹಂಪೆಯ ದಾರಿ ಹಿಡಿದರು. ನಾನು ಬಟ್ಟೆ ತಂದು ಗೋಡೆಯನ್ನು ಒರೆಸಹೋದೆ.

"ಮ್ಯಾಲಿನ ಗೆರಿ ಒರಸು, ಗ್ವಾಡಿಗೆ ಮೊಳೆ ಹೊಡೆದದ್ದು ಇರ್ಲಿ" ಎಂದರು ತಂದೆಯವರು. "ನಾಳೆ ಕಂಪ್ಲಿ ಲಾರಿ ಬರೋದೈತಿ."